ಓದಿಸಿದ ಸಕ್ಕರೆ ಮತ್ತು ಭಾವೈಕ್ಯದ ಪುಸ್ತಕಗಳು

ಚಿಂಚೋಳಿಯಿಂದ ಚಿಮ್ಮನಚೋಡದ ಕಡೆಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ನನ್ನ ಪಕ್ಕದಲ್ಲಿ ವಯಸ್ಸಾದ ತಾಯಿಯೊಬ್ಬರು ಕುಳಿತಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಒಂದು ಕಾಗದದ ಪೊಟ್ಟಣ. ಕಿಟಕಿಯಾಚೆ ತೊಗರಿಯ ಹೊಲಗಳು ಹೂವಿಗೆ ಬಂದಿದ್ದವು. ನನ್ನ ಕೊರಳಿನ ಶಿಲುಬೆಯನ್ನು ಕಂಡು ಮಾತಿಗಾರಂಭಿಸಿದ ಅವರು, ಸ್ವಲ್ಪ ಹೊತ್ತಿನ ಬಳಿಕ ಆ ಪೊಟ್ಟಣವನ್ನು ಬಿಚ್ಚಿ ಒಂದು ಚಿಟಿಕೆ ಸಕ್ಕರೆಯನ್ನು ನನ್ನ ಅಂಗೈಗೆ ಹಾಕಿದರು.

“ದರ್ಗಾದಾಗ ಓದಿಸ್ಕೊಂಡು ಬಂದೀನ್ರೀ ಫಾದರ್. ಮಮ್ಮಗನ ಜ್ವರ ಇಳದ್ರ ಐದು ಗುರುವಾರ ಓದಿಸ್ತೀನಂತ ಬೇಡ್ಕೊಂಡಿದ್ದೆ. ಇದು ಮೂರನೇದು.”

“ನೀವು ಲಿಂಗವಂತರಲ್ಲವೇ, ಅವ್ವಾ?” ಎಂದು ಕೇಳಿದೆ. ಗುರುಮಠದಲ್ಲಿ ದೈವಶಾಸ್ತ್ರ ಕಲಿತವನಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು.

“ಹೌದ್ರೀ. ಕೂಸಿಗಿ ಜ್ವರ ಬಂದಿತ್ತಲ್ರೀ,” ಎಂದರು ಆ ತಾಯಿ. ನನ್ನ ಪ್ರಶ್ನೆಗೆ ಅದು ಹೇಗೆ ಉತ್ತರವಾಯಿತೆಂದು ನಾನು ಆ ಬಳಿಕ ಬಹಳ ದಿನ ಯೋಚಿಸಿದ್ದೇನೆ.

ದಕ್ಷಿಣದ ಧರ್ಮಕೇಂದ್ರಗಳ ಓದುಗರಿಗಾಗಿ ಒಂದು ಮಾತು ಹೇಳಬೇಕು. ನಮ್ಮ ಕಡೆ ‘ಸಕ್ಕರೆ ಓದಿಸುವುದು’ ಎಂದರೆ ಸಕ್ಕರೆಯನ್ನು ದರ್ಗಾದ ಮುಜಾವರರ ಕೈಗೆ ಕೊಟ್ಟು ಅದರ ಮುಂದೆ ಫಾತಿಹಾ ಹೇಳಿಸುವುದು. ಊದಿನ ಹೊಗೆಯಲ್ಲಿ ಅವರು ಓದಿ, ಒಂದು ಪಾಲನ್ನು ಅಲ್ಲಿರಿಸಿಕೊಂಡು ಉಳಿದುದನ್ನು ಮರಳಿ ಕೊಡುತ್ತಾರೆ. ಮನೆಗೆ ತಂದು ನೆರೆಹೊರೆಗೂ ಹಂಚುತ್ತಾರೆ. ಓದಿಸಲು ಬರುವವರಲ್ಲಿ ಲಿಂಗಾಯತರೂ ಕಬ್ಬಲಿಗರೂ ಕುರುಬರೂ ದಲಿತರೂ ಇರುತ್ತಾರೆ. ನಮ್ಮ ವಿಶ್ವಾಸಿಗಳೂ ಇರುತ್ತಾರೆಂಬುದನ್ನು ನಾವು ಗುರುಗಳು ಅಷ್ಟಾಗಿ ಬಾಯಿಬಿಟ್ಟು ಹೇಳುವುದಿಲ್ಲ.

ಈ ಬಗೆಯ ಹಂಚಿಕೊಂಡ ಭಕ್ತಿಯ ಕುರಿತು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಾಕಷ್ಟು ಬರವಣಿಗೆಯಿದೆ. ವೇದಿಕೆಗಳಲ್ಲಿ ಅದಕ್ಕೆ ಸಿದ್ಧವಾದ ಹೆಸರೂ ಇದೆ: ಭಾವೈಕ್ಯ. ಶಿಶುನಾಳದ ಶರೀಫರು, ಕಲಬುರಗಿಯ ಖಾಜಾ ಬಂದೇನವಾಜರು, ತಿಂಥಿಣಿಯ ಮೌನೇಶ್ವರರು, ಈ ಮೂರು ಹೆಸರುಗಳನ್ನು ಹೇಳಿಬಿಟ್ಟರೆ ಭಾಷಣ ಮುಗಿಯಿತು. ಕ್ರಿಸ್ಮಸ್ ಸೌಹಾರ್ದ ಕೂಟಗಳಲ್ಲಿ ಆ ಭಾಷಣವನ್ನು ನಾನೂ ಮಾಡಿದ್ದೇನೆ. ಆದರೆ ಬಸ್ಸಿನ ಆ ತಾಯಿಯ ಉತ್ತರವನ್ನಿಟ್ಟುಕೊಂಡು ಈ ಕೃತಿಗಳನ್ನು ಮತ್ತೆ ಓದಿದಾಗ, ಮತ್ತೆ ನೋಡಿದಾಗ, ಅವುಗಳಲ್ಲಿ ಹೆಚ್ಚಿನವು ಆಕೆ ಹೇಳದೆ ಇದ್ದುದನ್ನು ಆಕೆಯ ಬಾಯಿಗೆ ಹಾಕುತ್ತಿವೆಯೆಂದು ನನಗೆ ಅನಿಸಿತು. ಎಲ್ಲ ಧರ್ಮಗಳೂ ಒಂದೇ ಎಂದು ಆಕೆ ಹೇಳಲಿಲ್ಲ. ಮಗುವಿಗೆ ಜ್ವರ ಬಂದಿತ್ತು ಎಂದಷ್ಟೇ ಹೇಳಿದರು.

ಮೊದಲು ಚಲನಚಿತ್ರವನ್ನು ತೆಗೆದುಕೊಳ್ಳೋಣ. ಟಿ. ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ 1990ರಲ್ಲಿ ತೆರೆಕಂಡಾಗ ನಾನು ಗುರುಮಠದ ವಿದ್ಯಾರ್ಥಿ. ಶರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ, ಅಶ್ವಥ್ ಅವರ ಸಂಗೀತ. ಇಂದಿಗೂ ಆ ಹಾಡುಗಳು ನನ್ನ ಕಿವಿಯಲ್ಲಿವೆ. ಅದಕ್ಕೆ ದೊರೆತದ್ದು ರಾಷ್ಟ್ರೀಯ ಭಾವೈಕ್ಯಕ್ಕೆಂದು ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ. ಪ್ರಶಸ್ತಿಯ ಈ ಹೆಸರೇ ಚಿತ್ರವನ್ನು ನಾವು ಹೇಗೆ ನೋಡಬೇಕೆಂದು ನಿರ್ಧರಿಸಿಬಿಟ್ಟಿತು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ, ಇಬ್ಬರ ನಡುವಿನ ಪ್ರೀತಿ ಹೃದಯಸ್ಪರ್ಶಿಯೇ. ಆದರೆ ಅದು ಇಬ್ಬರು ಅಸಾಮಾನ್ಯ ವ್ಯಕ್ತಿಗಳ ಕಥೆ. ಶರೀಫರು 1889ರಲ್ಲಿ ತೀರಿಕೊಂಡರು. ಅವರ ಗದ್ದುಗೆಗೆ ಅಂದಿನಿಂದ ಇಂದಿನವರೆಗೆ ಎಡೆ ತರುವ, ದೀಪಕ್ಕೆ ಎಣ್ಣೆ ಹಾಕುವ, ಜಾತ್ರೆಗೆ ಅಡುಗೆ ಮಾಡುವ ಸಾಮಾನ್ಯರ ಕಥೆ ಬೇರೆಯದು. ಚಿತ್ರ ಅದನ್ನು ಮುಟ್ಟುವುದಿಲ್ಲ. ಮುಟ್ಟಲೇಬೇಕೆಂದು ನಿರ್ದೇಶಕರನ್ನು ಒತ್ತಾಯಿಸಲೂ ಬಾರದು. ನನ್ನ ತಕರಾರು ಚಿತ್ರವನ್ನು ನೋಡಿ ಹಳ್ಳಿಯನ್ನೂ ಕಂಡೆವೆಂದುಕೊಳ್ಳುವ ನಮ್ಮ ಮೇಲೆ.

ಸಂತರ ಬಗ್ಗೆ ಇತಿಹಾಸಕಾರರು ಇನ್ನಷ್ಟು ಎಚ್ಚರ ವಹಿಸಿದ್ದಾರೆ. ಅಮೆರಿಕದ ವಿದ್ವಾಂಸರಾದ ರಿಚರ್ಡ್ ಈಟನ್ 2005ರಲ್ಲಿ ಪ್ರಕಟಿಸಿದ ದಖನ್ನಿನ ಸಾಮಾಜಿಕ ಇತಿಹಾಸದ ಗ್ರಂಥದಲ್ಲಿ ಎಂಟು ಜನರ ಬಾಳನ್ನು ಆರಿಸಿಕೊಂಡಿದ್ದಾರೆ. ಅವರಲ್ಲೊಬ್ಬರು ನಮ್ಮ ಬಂದೇನವಾಜ ಗೇಸುದರಾಜರು (1321–1422). ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು ಬಂದ ವೃದ್ಧ ಸೂಫಿಯನ್ನು ಫಿರೋಜ್ ಷಾ ಬಹಮನಿ ಗೌರವದಿಂದ ಬರಮಾಡಿಕೊಂಡದ್ದು, ಆಮೇಲೆ ಇಬ್ಬರಿಗೂ ವೈಮನಸ್ಸು ಬೆಳೆದದ್ದು, ಸಂತರ ಒಲವು ಸುಲ್ತಾನನ ತಮ್ಮನಾದ ಅಹ್ಮದನ ಕಡೆಗೆ ಹರಿದದ್ದು, ಇವೆಲ್ಲ ಅಲ್ಲಿವೆ. ಅವರು ಷರಿಯತ್ತಿನ ವಿಧಿಗಳನ್ನು ಸಡಿಲಿಸದ ಪಂಡಿತರಾಗಿದ್ದರು. ನಮ್ಮ ಭಾಷಣದ ಬಂದೇನವಾಜರಿಗೂ ಈ ಬಂದೇನವಾಜರಿಗೂ ಹೋಲಿಕೆ ಕಡಿಮೆ. ಆದರೆ ಸಂತರ ಬೋಧನೆ ಒಂದಾಗಿದ್ದರೂ ಸಮಾಧಿಯ ಸುತ್ತ ಬೆಳೆದದ್ದು ಇನ್ನೊಂದಾಗಬಹುದು. ಧರ್ಮಸಭೆಯ ಸಂತರ ಚರಿತ್ರೆಯನ್ನು ಓದಿದವರಿಗೆ ಇದು ಹೊಸತೇನೂ ಅಲ್ಲ. ಅಂತೋಣಿಯವರು ಪದುವಾದಲ್ಲಿ ಪ್ರಸಂಗ ಮಾಡಿದವರು. ಕಳೆದ ವಸ್ತುವನ್ನು ಹುಡುಕಿಕೊಡುವವರೆಂದು ನಾವು ಅವರನ್ನು ಕರೆಯುತ್ತೇವೆ. ಮೈಸೂರು ಸೀಮೆಯ ಡೋರ್ನಹಳ್ಳಿಯಲ್ಲಿ ಅವರ ಪ್ರತಿಮೆ ಹಿಂದೂ ರೈತನೊಬ್ಬನ ನೇಗಿಲಿಗೆ ಸಿಕ್ಕಿತೆಂಬುದು ಅಲ್ಲಿನವರ ನಂಬಿಕೆ.

ಈಟನ್ನರ ಹಳೆಯ ಕೃತಿ ಬಿಜಾಪುರದ ಸೂಫಿಗಳನ್ನು ಕುರಿತದ್ದು, 1978ರದು. ನನಗೆ ಅದು ಹೆಚ್ಚು ಇಷ್ಟ. ಏಕೆಂದರೆ ಅದರಲ್ಲಿ ಅವರು ಅಡುಗೆಮನೆಯ ಬಾಗಿಲು ತಟ್ಟಿದ್ದಾರೆ. ಸೂಫಿಗಳು ದಖನಿ ಭಾಷೆಯಲ್ಲಿ ಬರೆದ ಚಕ್ಕೀನಾಮಾಗಳನ್ನು, ಅಂದರೆ ಬೀಸುಕಲ್ಲಿನ ಹಾಡುಗಳನ್ನು, ಚರಖಾನಾಮಾಗಳನ್ನು, ಅಂದರೆ ನೂಲುವ ಹಾಡುಗಳನ್ನು ಅವರು ಗಂಭೀರವಾಗಿ ಓದಿದರು. ಕಲ್ಲಿನ ಹಿಡಿಯನ್ನು ಅಲಿಫ್ ಅಕ್ಷರಕ್ಕೆ ಹೋಲಿಸುವ ಆ ಹಾಡುಗಳು ಹೆಂಗಸರ ಬಾಯಲ್ಲಿ ಮನೆಮನೆಗೆ ಹೋದವೆಂದೂ, ಸಂತರ ಮೇಲಿನ ಭಕ್ತಿ ಹಳ್ಳಿಗೆ ಇಳಿದದ್ದು ಹೀಗೆಂದೂ ಅವರ ವಾದ. ಜೋಳ ಬೀಸುವಾಗ ಹಾಡಿದ ಅಜ್ಜಿಯರನ್ನು ಕಂಡ ನಮ್ಮಂಥವರಿಗೆ ಈ ವಾದ ತಕ್ಷಣ ಒಪ್ಪಿಗೆಯಾಗುತ್ತದೆ. ಆದರೆ ಒಂದು ಸಂಶಯ ಉಳಿಯುತ್ತದೆ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿ ಎಷ್ಟೋ ವರ್ಷಗಳಾದವು. ಹಾಡುಗಳೂ ಹೋದವು. ಗುರುವಾರದ ಸಕ್ಕರೆ ಮಾತ್ರ ಹೋಗಲಿಲ್ಲ. ವಾಡಿಯ ಬಳಿಯ ಹಲಕಟ್ಟಾ ಉರುಸಿಗೆ ಹೈದರಾಬಾದಿನಿಂದ ವಿಶೇಷ ರೈಲುಗಳೇ ಓಡಿವೆ. ಹಾಗಾದರೆ ಭಕ್ತಿಯನ್ನು ಹೊತ್ತದ್ದು ಹಾಡಷ್ಟೇ ಅಲ್ಲವೆಂದಾಯಿತು. ಜ್ವರ, ಮಳೆ, ಬಂಜೆತನ, ಎತ್ತಿನ ಕಾಯಿಲೆ, ಮಗಳ ಮದುವೆ ಇವುಗಳನ್ನು ಬೀಸುಕಲ್ಲಿಗಿಂತ ಮುಂದಿಟ್ಟು ಬರೆಯಬೇಕಿತ್ತು.

ಕನ್ನಡದಲ್ಲಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ರಹಮತ್ ತರೀಕೆರೆಯವರು. ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕದ ಮೊಹರಂ’ ಎರಡೂ ಊರೂರು ತಿರುಗಿ ಬರೆದ ಪುಸ್ತಕಗಳು. ಗ್ರಂಥಭಂಡಾರದಿಂದ ದರ್ಗಾಕ್ಕೆ ಹೋದವರ ಬರವಣಿಗೆಗೂ ದರ್ಗಾದ ಜಗಲಿಯಿಂದ ಗ್ರಂಥಭಂಡಾರಕ್ಕೆ ಹೋದವರ ಬರವಣಿಗೆಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಕಲಬುರಗಿ ಭಾಗದ ಯಾವ ಧರ್ಮಕೇಂದ್ರದ ಗ್ರಂಥಾಲಯದಲ್ಲೂ ಇವು ಇರತಕ್ಕ ಪುಸ್ತಕಗಳು.

ನಮ್ಮ ಭಾಗದ ಅತ್ಯಂತ ವಿಸ್ಮಯಕರವಾದ ಉದಾಹರಣೆಯನ್ನು ನಾನಿನ್ನೂ ಹೇಳಿಲ್ಲ. ಬೀದರಿನ ಬಳಿ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಅವುಗಳಲ್ಲಿ ಒಂದು, ಬಂದೇನವಾಜರ ಒಲವು ಗಳಿಸಿ 1422ರಲ್ಲಿ ಪಟ್ಟವೇರಿದ ಅದೇ ಅಹ್ಮದ್ ಷಾನದು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದವನೂ ಆತನೇ. 1436ರಲ್ಲಿ ತೀರಿಕೊಂಡ ಆತನನ್ನು ಮುಸ್ಲಿಮರು ‘ವಲಿ’ ಎನ್ನುತ್ತಾರೆ. ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ಅವತಾರವೆನ್ನುತ್ತಾರೆ. ಪ್ರತಿವರ್ಷ ಅಲ್ಲಿನ ಉರುಸಿಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ತಮ್ಮ ಭಕ್ತರೊಡನೆ ನಡೆದುಕೊಂಡು ಬರಬೇಕು. ಅವರು ಬಂದು ಹೂವೇರಿಸಿ ಕಾಯಿ ಒಡೆದರೇ ಉರುಸು. ಒಳಗೆ ಗೋಡೆ, ಗುಮ್ಮಟದ ತುಂಬ ಇರಾನಿನ ಕಿರ್ಮಾನದ ಷಾ ನಿಯಾಮತುಲ್ಲಾ ಅವರ ಪರಂಪರೆಯ ಬಂಗಾರದ ಬರಹ, ಕೆಳಗೆ ತೆಂಗಿನಕಾಯಿಯ ನೀರು. ಇನ್ನೂ ಒಂದು ಸ್ವಾರಸ್ಯವಿದೆ. ಈ ಸುಲ್ತಾನನ ಉರುಸಿನ ದಿನವನ್ನು ಹೋಳಿಹಬ್ಬದಿಂದ ಎಣಿಸುತ್ತಾರೆ. ಅದೇ ಸೀಮೆಯ ಹಿಂದೂ ರೈತರು ಹಿಜರಿ ತಿಂಗಳ ಚಂದ್ರನನ್ನು ನೋಡಿ ಮೊಹರಂ ಮಾಡುತ್ತಾರೆ.

ಅಷ್ಟೂರಿನ ಕುರಿತು ಬರುವ ಪತ್ರಿಕಾ ಲೇಖನಗಳೆಲ್ಲ ಜಂಗಮರ ಉಡುಪಿನ ಬಗ್ಗೆ, ಎರಡು ಹೆಸರಿನ ಒಬ್ಬ ಸಂತನ ಬಗ್ಗೆ ಬರೆಯುತ್ತವೆ. ನನ್ನ ಕಣ್ಣಿಗೆ ಮುಖ್ಯವಾಗಿ ಕಾಣುವುದು ಅವರ ನಡಿಗೆ. ಮಾಡಿಯಾಳದವರು ಬಾರದಿದ್ದರೆ ಉರುಸು ನಡೆಯದು. ದರ್ಗಾದವರು ಬಾಗಿಲು ತೆರೆಯದಿದ್ದರೆ ಮಾಡಿಯಾಳದವರ ನಡಿಗೆ ವ್ಯರ್ಥ. ಪಾಲುಗಳು ಸ್ಪಷ್ಟವಾಗಿವೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡುವಂತಿಲ್ಲ. ಇಬ್ಬರೂ ಒಂದಾದುದರಿಂದ ಇದು ಉಳಿಯಿತೆನ್ನುವುದಕ್ಕಿಂತ, ಇಬ್ಬರಿಗೂ ಬೇರೆಬೇರೆ ಕೆಲಸವಿದ್ದುದರಿಂದ ಉಳಿಯಿತೆನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ.

ಮೊಹರಮ್ಮಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಹುಸೇನರು ಮಡಿದ ಶೋಕ ನಮ್ಮ ಹಳ್ಳಿಗಳಲ್ಲಿ ‘ಅಲಾಯಿ ಹಬ್ಬ’ವಾಗಿದೆ. ಚಂದ್ರ ಕಂಡ ಬಳಿಕ ಮಸೂತಿಯ ಮುಂದೆ ಕುಣಿ ತೋಡಲು ಗುದ್ದಲಿ ಹಾಕುವ ಮನೆತನ ಯಾವುದು, ಕಟ್ಟಿಗೆ ಕೊಡುವ ಹೊಲ ಯಾರದು, ಲೋಹದ ಪಂಜಾಗಳನ್ನು ತೊಳೆದು ಬಟ್ಟೆ ಉಡಿಸುವವರು ಯಾರು, ದೇವರನ್ನು ಹಿಡಿಯುವವರು ಯಾರು, ಹಲಗೆ ಬಡಿಯುವವರು ಯಾರು, ಎಲ್ಲವೂ ನಿಗದಿಯಾಗಿರುತ್ತದೆ. ಕನ್ನಡದಲ್ಲೇ ರಿವಾಯತ್ ಹಾಡುತ್ತಾರೆ. ಖತಲ್ ರಾತ್ರಿ ಕೆಂಡ ಹಾಯುವವರಲ್ಲಿ ಹೆಚ್ಚಿನವರ ಹೆಸರು ಬಸಪ್ಪ, ಮಲ್ಲಪ್ಪ, ಭೀಮಶ್ಯಾ ಎಂದಿರುತ್ತದೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಪಕ್ಕದ ಊರಿನಿಂದ ಮುಲ್ಲಾನನ್ನು ಕರೆಸಿ ಹಬ್ಬ ಮಾಡುತ್ತಾರೆ. ಓದುವ ಕೆಲಸ ಆತನದೇ ಆದ್ದರಿಂದ ಆತ ಬರಲೇಬೇಕು.

ಇಲ್ಲಿ ಒಂದು ಕಹಿ ಮಾತನ್ನೂ ಆಡಬೇಕು. ಕೆಲಸದ ಈ ಹಂಚಿಕೆಯಲ್ಲಿ ಜಾತಿಯೂ ಕುಳಿತಿದೆ. ರಾತ್ರಿಯಿಡೀ ಹಲಗೆ ಬಡಿದವನು ಎಷ್ಟೋ ಊರುಗಳಲ್ಲಿ ಮಸೂತಿಯ ಕಟ್ಟೆಯ ಕೆಳಗೇ ನಿಂತಿರುತ್ತಿದ್ದನು. ಊರಿನ ಎಲ್ಲರೂ ಸೇರುವ ಹಬ್ಬವೆಂಬ ವರ್ಣನೆಯಲ್ಲಿ, ಸೇರಿದವರು ಎಷ್ಟೆಷ್ಟು ದೂರದಲ್ಲಿ ನಿಂತಿದ್ದರೆಂಬ ಅಳತೆ ಇರುವುದಿಲ್ಲ. ನಮ್ಮ ಧರ್ಮಕ್ಷೇತ್ರದ ವಿಶ್ವಾಸಿಗಳಲ್ಲಿ ಬಹಳಷ್ಟು ಮಂದಿ ಆ ಹಲಗೆಯ ಮನೆತನಗಳವರು. ಆದ್ದರಿಂದ ಭಾವೈಕ್ಯದ ಪುಸ್ತಕವನ್ನು ಅವರ ಕಣ್ಣಿನಿಂದ ಓದಿದರೆ ಅದರ ಅಂಚಿನ ಖಾಲಿ ಜಾಗವೇ ಎದ್ದು ಕಾಣುತ್ತದೆ.

ಇನ್ನೂ ದೊಡ್ಡದೊಂದು ಖಾಲಿ ಜಾಗ 1948ರದು. ರಜಾಕಾರರ ಹಿಂಸೆ, ಅದರ ಬೆನ್ನಿಗೆ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಅದರ ಬಳಿಕ ಮುಸ್ಲಿಮರ ಮೇಲೆ ನಡೆದ ಹತ್ಯಾಕಾಂಡ. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಇಡೀ ಹೈದರಾಬಾದು ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಮತ್ತು ಬೀದರ ಎರಡೂ ಇದ್ದವು. ಅಂದರೆ ಅಷ್ಟೂರಿನ ಜಿಲ್ಲೆ, ಮಾಡಿಯಾಳದ ಜಿಲ್ಲೆ. ಒಂದೇ ಪಂಜಾದ ಮುಂದೆ ಊದು ಹಾಕಿದ ಊರುಗಳಲ್ಲೇ ಇದು ನಡೆಯಿತು. ವರದಿ ದಶಕಗಳ ಕಾಲ ಹೊರಬರಲಿಲ್ಲ. ಭಾವೈಕ್ಯದ ಭಾಷಣಗಳಲ್ಲಂತೂ ಇಂದಿಗೂ ಬಂದಿಲ್ಲ. ಸಂತರನ್ನು ಹಂಚಿಕೊಂಡರೆ ಸಾಕು, ರಕ್ತ ಹರಿಯದು ಎಂಬ ಭರವಸೆಯನ್ನು ಈ ಇತಿಹಾಸ ಕೊಡುವುದಿಲ್ಲ.

ಆದರೆ ಅದೇ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಇನ್ನೊಂದು ಸಂಗತಿಯಿದೆ. ನೆರೆಯ ಮುಸ್ಲಿಮರನ್ನು ಪ್ರಾಣದ ಹಂಗು ತೊರೆದು ಕಾಪಾಡಿದ ಹಿಂದೂಗಳ ಕುರಿತು ಬರೆಯುವಾಗ, ಸಮಿತಿ ಕೆಲವು ಕಸುಬುಗಳವರನ್ನು ವಿಶೇಷವಾಗಿ ಗುರುತಿಸಿದೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ನಿಂತರು, ಅದಕ್ಕಾಗಿ ಕೆಲವರು ಜೀವ ಕಳೆದುಕೊಂಡರು. ಒಂದೇ ಕಸುಬಿನ ನಂಟು ಅಲ್ಲಿ ಕೆಲಸ ಮಾಡಿತ್ತು. ನಮ್ಮ ವಿದ್ವಾಂಸರು ಮುಂದೆ ಹುಡುಕಬೇಕಾದ ದಾರಿ ಇದೆಂದು ನನ್ನ ಭಾವನೆ.

ಇತ್ತೀಚಿನ ಕಹಿಯೂ ಈ ಸೀಮೆಯದೇ. ಆಳಂದದ ಲಾಡ್ಲೆ ಮಶಾಯಿಕರ ದರ್ಗಾದ ಆವರಣದಲ್ಲಿ ರಾಘವಚೈತನ್ಯರ ಸ್ಥಾನವೂ ಶಿವಲಿಂಗವೂ ಇವೆ. 2022ರ ಶಿವರಾತ್ರಿಯಂದು ಅಲ್ಲಿ ಕಲ್ಲುತೂರಾಟವಾಯಿತು. 2025ರ ಶಿವರಾತ್ರಿಗೆ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠ 15 ಜನರಿಗೆ ಪೂಜೆಗೆ ಅನುಮತಿಯಿತ್ತಿತು. ನ್ಯಾಯಾಲಯವನ್ನು ದೂರುವಂತಿಲ್ಲ. ‘ಇದು ಯಾರದು’ ಎಂಬ ಪ್ರಶ್ನೆಯನ್ನು ಮುಂದಿಟ್ಟರೆ ಅದು ಕಾಗದ ನೋಡಿ, ತಲೆ ಎಣಿಸಿ ಉತ್ತರಿಸಲೇಬೇಕು. ಹಳ್ಳಿಯವರಿಗೆ ಇದ್ದ ಪ್ರಶ್ನೆ ಬೇರೆ: ‘ಇಲ್ಲಿ ಯಾರ ಕೆಲಸ ಏನು?’ ಹೊಸ ಕಾಲದಲ್ಲಿ ಎರಡೂ ಕಡೆಯ ಓದಿದ ಯುವಕರು ಮೊದಲಿನ ಪ್ರಶ್ನೆಯನ್ನೇ ಕೇಳುತ್ತಾರೆ. ಅಲಾಯಿ ಕುಣಿತ ಇಸ್ಲಾಮಿಗೆ ಸಲ್ಲದೆಂದು ಇವರು, ಗೋರಿಗೆ ಕೈಮುಗಿಯುವುದು ನಮ್ಮ ಧರ್ಮವಲ್ಲವೆಂದು ಅವರು. ಅವರ ಶುದ್ಧಿಯ ಹಂಬಲವನ್ನು ಹೀಗಳೆಯಲು ನನಗೆ ಬಾಯಿಲ್ಲ. ಏಕೆಂದರೆ ನಾನೂ ಅದನ್ನು ಮಾಡಿದವನೇ.

ಗುರುದೀಕ್ಷೆ ಪಡೆದ ಹೊಸತರಲ್ಲಿ ಒಂದು ಮಗುವಿಗೆ ಜ್ಞಾನಸ್ನಾನ ಕೊಡುವಾಗ ಅದರ ತೋಳಿನಲ್ಲಿ ದರ್ಗಾದ ತಾಯತವನ್ನು ಕಂಡೆ. ಬಲಿಪೀಠದ ಮುಂದೆಯೇ, ಎಲ್ಲರೆದುರು, ಕತ್ತರಿ ತರಿಸಿ ಅದನ್ನು ಕತ್ತರಿಸಿದೆ. ತಾಯಿ ಏನೂ ಹೇಳಲಿಲ್ಲ. ಕೆಳಗೆ ಬಿದ್ದ ದಾರವನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡರು. ಆ ಮಗುವಿಗಿಂತ ಮೊದಲು ಎರಡು ಮಕ್ಕಳನ್ನು ಅವರು ಕಳೆದುಕೊಂಡಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಅನ್ಯಧರ್ಮಗಳನ್ನು ಕುರಿತ 1965ರ ವ್ಯಾಟಿಕನ್ ಘೋಷಣೆಯನ್ನು ನಾನು ಅಷ್ಟರಲ್ಲಿ ಓದಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಅದು ಧರ್ಮಗಳನ್ನು ಗೌರವಿಸಲು ಕಲಿಸಿತ್ತು. ಸೆರಗಿನ ಗಂಟಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಜನರ ಭಕ್ತಿಯನ್ನು ತಿರಸ್ಕಾರದಿಂದ ನೋಡಬಾರದೆಂಬ ರೋಮಿನ ಮಾರ್ಗಸೂಚಿ 2001ರದು. ಯೇಸುಸ್ವಾಮಿಯ ಉಡುಪಿನ ಅಂಚನ್ನು ಹಿಂದಿನಿಂದ ಬಂದು ಮುಟ್ಟಿದ ಹೆಂಗಸಿನ ಕಥೆಯಾದರೋ ಮೊದಲಿನಿಂದಲೂ ನನ್ನ ಕೈಯಲ್ಲಿದ್ದ ಪುಸ್ತಕದಲ್ಲೇ ಇತ್ತು. ತಾಯತದ ಕುರಿತು ನನ್ನ ಬೋಧನೆ ಇಂದಿಗೂ ಬದಲಾಗಿಲ್ಲ. ಆ ಕತ್ತರಿಯನ್ನು ಮಾತ್ರ ಮರೆಯಲಾಗಿಲ್ಲ.

ಇಷ್ಟೆಲ್ಲ ತಕರಾರು ಹೇಳಿದ ಮೇಲೆ ನನಗೆ ಬೇಕಾದ ಪುಸ್ತಕ ಯಾವುದೆಂದೂ ಹೇಳಬೇಕಲ್ಲವೇ? ಅದು ಒಂದು ಊರಿನ ಪುಸ್ತಕವಾಗಿರಲಿ. ಮುಲ್ಲಾಮಾರಿ ನದಿಯ ದಂಡೆಯ ಚಿಮ್ಮನಚೋಡವಾದರೂ ಆದೀತು, ಗಾರಂಪಳ್ಳಿಯಾದರೂ ಆದೀತು. ಸಂತರ ಮಹಿಮೆ ಅದರಲ್ಲಿ ಒಂದೇ ಅಧ್ಯಾಯ ಸಾಕು. ಉಳಿದುದು ಲೆಕ್ಕದ ಪುಸ್ತಕದಂತಿರಲಿ: ಅಲಾಯಿಗೆ ಕಟ್ಟಿಗೆ ಕೊಟ್ಟವರು, ಎಣ್ಣೆ ಕೊಟ್ಟವರು, ಹಲಗೆ ಬಡಿದವರು, ಅವರಿಗೆ ಸಿಕ್ಕ ಜೋಳ ಎಷ್ಟು, ಅವರು ನಿಂತದ್ದು ಎಲ್ಲಿ, ಯಾವ ಹರಕೆಗೆ ಯಾರು ಬಂದರು, 1948ರಲ್ಲಿ ಯಾರ ಅಟ್ಟದ ಮೇಲೆ ಯಾರು ಅಡಗಿದ್ದರು, ಯಾರ ಬಾಗಿಲು ತೆರೆಯಲಿಲ್ಲ. ಇದನ್ನು ಬಲ್ಲ ಅಜ್ಜಿಯರು ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲೂ ಇದ್ದಾರೆ, ಎಂಬತ್ತು ದಾಟಿದವರು. ಯಾರಾದರೂ ಬರೆದರೆ ಆ ಪುಸ್ತಕದ ಕುರಿತು ಇದೇ ಪುಟಗಳಲ್ಲಿ ಬರೆಯಲು ನಾನು ಸಿದ್ಧನಿದ್ದೇನೆ.